ಬಾವಿ ಕೆಟ್ಟವರೇ ಪುರಾವೆ ತರಬೇಕೆ?

ಶೇಲ್ ಅನಿಲದ ಪರವಾಗಿ ವಾದಿಸುವವರು ಎಲ್ಲ ಸುತ್ತಿ ಕೊನೆಗೆ ಬಂದು ನಿಲ್ಲುವುದು ಒಂದೇ ಮಾತಿಗೆ: ‘ಇದರಿಂದ ಕುಡಿಯುವ ನೀರು ಕೆಟ್ಟಿದೆ ಎನ್ನಲು ಪುರಾವೆ ಎಲ್ಲಿದೆ?’ ಕೇಳಿಸಿಕೊಳ್ಳಲು ಇದು ವಿಜ್ಞಾನದ ಮಾತಿನಂತಿದೆ. ಪುರಾವೆ ಕೇಳುವುದು ತಪ್ಪೆಂದು ಯಾರು ಹೇಳಿಯಾರು? ಆದರೆ ಪುರಾವೆ ಹುಟ್ಟದ ಹಾಗೆ ಕಾನೂನು ಮಾಡಿಸಿಕೊಂಡು, ಹುಟ್ಟಿದ ಪುರಾವೆಯನ್ನು ರಾಜಿ ಒಪ್ಪಂದದ ಕಾಗದದಡಿ ಹೂತು, ಆಮೇಲೆ ಎದೆ ಸೆಟೆಸಿ ನಿಂತು ಪುರಾವೆ ಎಲ್ಲಿದೆ ಎಂದು ಕೇಳುವವರಿಗೆ ವಿಜ್ಞಾನದ ಹೆಸರೆತ್ತುವ ಹಕ್ಕಿಲ್ಲ. ಸಾಧಕ ಬಾಧಕಗಳನ್ನು ತೂಗಿ ನೋಡೋಣ ಎಂದು ಎರಡು ದಶಕಗಳಿಂದ ನಡೆದಿರುವ ಚರ್ಚೆಯಲ್ಲಿ ತಕ್ಕಡಿಯೇ ಒಂದು ಕಡೆಗೆ ವಾಲಿದೆ. ಲಾಭವನ್ನು ಸರ್ಕಾರ ತಾನೇ ಎಣಿಸಿ ಹೇಳುತ್ತದೆ. ನಷ್ಟವನ್ನು ಮಾತ್ರ ಬಾವಿ ಕೆಟ್ಟ ಮನೆಯವರು ಸ್ವಂತ ಖರ್ಚಿನಲ್ಲಿ ಸಾಬೀತು ಮಾಡಬೇಕು.

ಶೇಲ್ ಎಂದರೆ ಕೋಟ್ಯಂತರ ವರ್ಷಗಳ ಹಿಂದಿನ ಕೆಸರು ಗಟ್ಟಿಯಾಗಿ ಪದರುಪದರಾಗಿ ಕೂತ ಕಲ್ಲು. ಅದರ ಕಣ್ಣಿಗೆ ಕಾಣದ ರಂಧ್ರಗಳಲ್ಲಿ ಅನಿಲ ಸಿಕ್ಕಿಕೊಂಡಿರುತ್ತದೆ. ಬರೀ ಕೊರೆದರೆ ಅದು ಹೊರಗೆ ಬರುವುದಿಲ್ಲ. ಹಾಗಾಗಿ ಒಂದೂವರೆ, ಎರಡು ಕಿಲೋಮೀಟರ್ ಆಳಕ್ಕೆ ನೇರ ಕೊರೆದು, ಅಲ್ಲಿಂದ ಅಡ್ಡಕ್ಕೆ ತಿರುಗಿ ಕಲ್ಲಿನೊಳಗೆ ದೂರದವರೆಗೆ ನುಗ್ಗಿ, ನೀರು, ಮರಳು, ರಾಸಾಯನಿಕಗಳನ್ನು ಭಾರಿ ಒತ್ತಡದಲ್ಲಿ ಹಾಯಿಸಿ ಕಲ್ಲನ್ನು ಸೀಳುತ್ತಾರೆ. ಇದೇ ಫ್ರ್ಯಾಕಿಂಗ್. ಟೆಕ್ಸಸ್‌ನ ಬಾರ್ನೆಟ್ ಶೇಲ್‌ನಲ್ಲಿ ಜಾರ್ಜ್ ಮಿಚೆಲ್ ಅವರ ಕಂಪನಿ 1990ರ ದಶಕದ ಕೊನೆಗೆ ಇದನ್ನು ಲಾಭದ ಕೆಲಸವಾಗಿಸಿತು. ಒಂದೊಂದು ಬಾವಿಗೆ ಒಂದೂವರೆ, ಎರಡು ಕೋಟಿ ಲೀಟರ್ ನೀರು ಬೇಕಾಗುತ್ತದೆ. ಒಳಗೆ ಹೋದ ನೀರಿನ ಒಂದು ಪಾಲು ಮೇಲಕ್ಕೆ ಮರಳುವಾಗ ಆಳದ ಉಪ್ಪು, ಬೇರಿಯಂ, ವಿಕಿರಣ ಸೂಸುವ ರೇಡಿಯಂ ಇವನ್ನೂ ಹೊತ್ತು ತರುತ್ತದೆ.

ಪೆನ್ಸಿಲ್ವೇನಿಯಾದ ಡಿಮಕ್ ಎಂಬ ಊರಿನಲ್ಲಿ ಏನಾಯಿತೆಂದು ನೋಡಿ. ಅದು ಮಾರ್ಸೆಲಸ್ ಶೇಲ್‌ನ ಮೇಲಿರುವ ಹಳ್ಳಿ. 2009ರ ಜನವರಿ 1ರಂದು ಅಲ್ಲಿಯ ಮನೆಯೊಂದರ ಬಾವಿ ಒಳಗೆ ತುಂಬಿಕೊಂಡಿದ್ದ ಮೀಥೇನ್‌ನಿಂದಾಗಿ ಸಿಡಿಯಿತು. ರಾಜ್ಯದ ಪರಿಸರ ಇಲಾಖೆ ತನಿಖೆ ನಡೆಸಿ, ಕ್ಯಾಬಟ್ ಕಂಪನಿಯ ಕೊರೆತದಿಂದ ಹದಿನೆಂಟು ಮನೆಬಾವಿಗಳಿಗೆ ಮೀಥೇನ್ ಸೇರಿದೆ ಎಂದು ಹೇಳಿತು. 2010ರಲ್ಲಿ ಸುಮಾರು ಒಂಬತ್ತು ಚದರ ಮೈಲಿ ಪ್ರದೇಶದಲ್ಲಿ ಹೊಸ ಕೊರೆತವನ್ನು ತಡೆಯಿತು. ಕಂಪನಿ ಮಾತ್ರ ಆ ಮೀಥೇನ್ ಮೊದಲಿನಿಂದಲೇ ನೀರಿನಲ್ಲಿತ್ತು ಎನ್ನುತ್ತಲೇ ಬಂತು. 2022ರ ನವೆಂಬರ್‌ನಲ್ಲಿ, ಅಷ್ಟರೊಳಗೆ ಕೋಟೆರಾ ಎಂಬ ಹೆಸರು ಪಡೆದಿದ್ದ ಅದೇ ಕಂಪನಿ, ಕ್ರಿಮಿನಲ್ ಆರೋಪಕ್ಕೆ ತನ್ನ ತಕರಾರಿಲ್ಲ ಎಂದು ನ್ಯಾಯಾಲಯದಲ್ಲಿ ಹೇಳಿ, ಹೊಸ ನೀರು ಸರಬರಾಜು ವ್ಯವಸ್ಥೆಗೂ 75 ವರ್ಷಗಳ ನೀರಿನ ಬಿಲ್ಲಿಗೂ 1.629 ಕೋಟಿ ಡಾಲರ್ ಕೊಡಲು ಒಪ್ಪಿತು. ಅದರ ಬೆನ್ನಿಗೇ ಅಲ್ಲಿ ಮತ್ತೆ ಕೊರೆಯಲು ಅದಕ್ಕೆ ದಾರಿ ತೆರೆಯಿತು. ಬಾವಿ ಸಿಡಿದದ್ದಕ್ಕೂ ಈ ಒಪ್ಪಿಗೆಗೂ ನಡುವೆ ಹದಿಮೂರು ವರ್ಷಕ್ಕೂ ಹೆಚ್ಚು ಕಾಲ ಹೋಗಿದೆ. ಆ ವರ್ಷಗಳುದ್ದಕ್ಕೂ ಪುರಾವೆ ಇಲ್ಲ ಎಂದು ಹೇಳುತ್ತಿದ್ದವರು ಈಗ ಎಲ್ಲಿದ್ದಾರೆ? ಅವರಲ್ಲಿ ಎಷ್ಟು ಮಂದಿ ತಮ್ಮ ಮಾತು ಹಿಂದಕ್ಕೆ ತೆಗೆದುಕೊಂಡರು?

ಮೀಥೇನ್ ಮೊದಲೇ ಇತ್ತು ಎಂಬ ಉತ್ತರದಲ್ಲೇ ಇಡೀ ಆಟ ಅಡಗಿದೆ. ಕೊರೆಯುವ ಮುಂಚೆ ಊರಿನ ನೀರನ್ನು ಯಾರೂ ಪರೀಕ್ಷಿಸದಿದ್ದರೆ ಕೊರೆದ ಮೇಲೆ ಅದು ಕೆಟ್ಟಿತು ಎಂದು ಯಾರೂ ತೋರಿಸಲಾರರು. ಡ್ಯೂಕ್ ವಿಶ್ವವಿದ್ಯಾಲಯದ ಸಂಶೋಧಕರು ಪೆನ್ಸಿಲ್ವೇನಿಯಾ ಮತ್ತು ನ್ಯೂಯಾರ್ಕ್‌ನ 68 ಬಾವಿಗಳ ನೀರನ್ನು ಪರೀಕ್ಷಿಸಿ 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಅನಿಲ ತೆಗೆಯುವ ಜಾಗಗಳ ಹತ್ತಿರದ ಬಾವಿಗಳಲ್ಲಿ ಮೀಥೇನ್ ಪ್ರಮಾಣ ಸರಾಸರಿ ಹದಿನೇಳು ಪಟ್ಟು ಹೆಚ್ಚಿತ್ತು. ಅದರ ರಾಸಾಯನಿಕ ಗುರುತು ಆಳದ ಶೇಲ್ ಅನಿಲಕ್ಕೆ ಹೊಂದುತ್ತಿತ್ತು. ಆಗಲೂ ಬಂದ ಉತ್ತರ ಒಂದೇ: ಕೊರೆಯುವ ಮುಂಚಿನ ಅಂಕಿ ತೋರಿಸಿ. ಆ ಅಂಕಿ ಇಲ್ಲದಿರಲು ಯಾರು ಕಾರಣ? ಬಾವಿಯ ಮಾಲೀಕರೋ, ಅದನ್ನು ಕಡ್ಡಾಯ ಮಾಡದೆ ಪರವಾನಗಿ ಬರೆದುಕೊಟ್ಟವರೋ?

ಹೊರೆಯನ್ನು ತಿರುಗಿಸಿ ಕಂಪನಿಯ ಹೆಗಲಿಗೆ ಹಾಕಲು ಬರುವುದಿಲ್ಲವೆಂದು ಹೇಳುವವರು ಅದೇ ರಾಜ್ಯದ ಕಾನೂನನ್ನು ಓದಲಿ. ಅನಿಲದ ಬಾವಿಯಿಂದ 2,500 ಅಡಿಯೊಳಗೆ, ಕೆಲಸ ಮುಗಿದ ಹನ್ನೆರಡು ತಿಂಗಳೊಳಗೆ ನೀರು ಕೆಟ್ಟರೆ ಕೊರೆದವರೇ ಹೊಣೆ ಎಂದು ಮೊದಲು ಭಾವಿಸಬೇಕು ಎನ್ನುತ್ತದೆ ಪೆನ್ಸಿಲ್ವೇನಿಯಾದ 2012ರ ಕಾಯ್ದೆ. ಹೊಣೆ ತಮ್ಮದಲ್ಲವೆಂದು ತೋರಿಸಲು ಕಂಪನಿಗೆ ಒಳ್ಳೆಯ ದಾರಿಯೆಂದರೆ ಕೊರೆಯುವ ಮುಂಚಿನ ಪರೀಕ್ಷೆಯ ವರದಿ. ಹಾಗಾಗಿ ಕಂಪನಿಗಳು ತಾವೇ ಮನೆಮನೆಗೆ ಹೋಗಿ ನೀರಿನ ಮಾದರಿ ಸಂಗ್ರಹಿಸತೊಡಗಿದವು. ಕಾನೂನಿನ ಒಂದು ಕಲಮು ಮಾಡಿದ ಕೆಲಸ ಇದು. ಆದರೆ ಆ ಗೆರೆಯಿಂದ ಒಂದು ಅಡಿ ಆಚೆಗಿರುವ ಮನೆ ಹಳೆಯ ಪಾಡಿಗೇ ಬಿದ್ದಿದೆ.

ಅಮೆರಿಕದ ಕೇಂದ್ರ ಸರ್ಕಾರ ಮಾಡಿದ್ದು ಇದಕ್ಕೆ ತದ್ವಿರುದ್ಧ. ನೆಲದಡಿಗೆ ದ್ರವ ತುಂಬುವವರು ಕುಡಿಯುವ ನೀರಿನ ಸುರಕ್ಷತಾ ಕಾಯ್ದೆಯಡಿ ಅನುಮತಿ ಪಡೆಯಬೇಕು. 2005ರ ಇಂಧನ ನೀತಿ ಕಾಯ್ದೆ, ಡೀಸೆಲ್ ಬಳಸಿದ ಸಂದರ್ಭವನ್ನು ಬಿಟ್ಟು, ಫ್ರ್ಯಾಕಿಂಗನ್ನು ಆ ಕಟ್ಟಳೆಯಿಂದ ಹೊರಗಿಟ್ಟಿತು. ಆಗ ಉಪಾಧ್ಯಕ್ಷರಾಗಿದ್ದ ಡಿಕ್ ಚೇನಿ ಅದಕ್ಕೆ ಮುಂಚೆ ಹಾಲಿಬರ್ಟನ್ ಕಂಪನಿಯ ಮುಖ್ಯಸ್ಥರು. ಫ್ರ್ಯಾಕಿಂಗ್ ಸೇವೆ ಒದಗಿಸುವ ದೊಡ್ಡ ಕಂಪನಿಗಳಲ್ಲಿ ಅದೂ ಒಂದು. ಅಮೆರಿಕನ್ನರು ಈ ವಿನಾಯಿತಿಯನ್ನು ಇಂದಿಗೂ ಹಾಲಿಬರ್ಟನ್ ಕಂಡಿ ಎಂದೇ ಕರೆಯುತ್ತಾರೆ. ಅಷ್ಟು ನಿರಪಾಯಕಾರಿಯಾದ ಕೆಲಸಕ್ಕೆ ಕುಡಿಯುವ ನೀರಿನ ಕಾಯ್ದೆಯಿಂದ ವಿನಾಯಿತಿ ಯಾಕೆ ಬೇಕಿತ್ತು?

ಇನ್ನು ಬಾಯಿಗೆ ಬೀಗ. ನೀರು ಕೆಟ್ಟಿತೆಂದು, ಆರೋಗ್ಯ ಹಾಳಾಯಿತೆಂದು ಮೊಕದ್ದಮೆ ಹೂಡಿದ ಎಷ್ಟೋ ಕುಟುಂಬಗಳು ಹಣ ಪಡೆದು, ಇನ್ನು ಮುಂದೆ ಈ ಬಗ್ಗೆ ಮಾತಾಡುವುದಿಲ್ಲ ಎಂದು ಸಹಿ ಹಾಕಿವೆ. ಪೆನ್ಸಿಲ್ವೇನಿಯಾದ ವಾಷಿಂಗ್ಟನ್ ಕೌಂಟಿಯಲ್ಲಿ 2011ರಲ್ಲಿ ಹೀಗೆ ರಾಜಿಯಾದ ಒಂದು ಪ್ರಕರಣದ ವಿಚಾರಣೆಯಲ್ಲಿ, ಆ ಮನೆಯ ಏಳು ಮತ್ತು ಹತ್ತು ವರ್ಷದ ಮಕ್ಕಳಿಗೂ ಈ ಮೌನ ಅನ್ವಯಿಸುತ್ತದೆಂಬ ಮಾತು ಬಂತು. ಆ ವಿಚಾರಣೆಯ ದಾಖಲೆ ಹೊರಬಂದದ್ದು ಪತ್ರಿಕೆಗಳು ನ್ಯಾಯಾಲಯದಲ್ಲಿ ಹೋರಾಡಿದ ಮೇಲೆ, 2013ರಲ್ಲಿ. ಮಕ್ಕಳಿಗೆ ಅದು ಅನ್ವಯಿಸುವುದಿಲ್ಲ ಎಂದು ಕಂಪನಿ ಆಮೇಲೆ ಹೇಳಿತು, ನಿಜ. ಆದರೆ ದೊಡ್ಡವರ ಬಾಯಿ ಮುಚ್ಚಿಸಿದ್ದು ಸರಿಯೇ? ರೋಗಿಗೆ ಯಾವ ರಾಸಾಯನಿಕ ತಾಗಿದೆ ಎಂದು ತಿಳಿಯಬಯಸುವ ವೈದ್ಯರು, ಆ ವ್ಯಾಪಾರದ ಗುಟ್ಟನ್ನು ಕಾಯುತ್ತೇವೆಂದು ಒಪ್ಪಿಕೊಂಡರಷ್ಟೇ ಕಂಪನಿ ಅದರ ಹೆಸರು ಹೇಳಬೇಕು ಎಂಬ ಕಟ್ಟಳೆ ಕೂಡ 2012ರ ಅದೇ ಕಾಯ್ದೆಯಲ್ಲಿತ್ತು. ರಾಜ್ಯದ ಸುಪ್ರೀಂ ಕೋರ್ಟ್ ಅದನ್ನು 2016ರಲ್ಲಿ ತಳ್ಳಿಹಾಕಿತು. ಸಹಿ ಹಾಕಿಸಿ ಮುಚ್ಚಿದ ಒಂದೊಂದು ಕಡತವೂ ಸಂಶೋಧಕರ ಕೈಗೆ ಸಿಗದೆ ಹೋದ ಒಂದೊಂದು ಪುರಾವೆ.

ಪುರಾವೆ ಇಲ್ಲ ಎನ್ನುವವರು ಬಹುಕಾಲ ಎತ್ತಿ ತೋರಿಸಿದ್ದು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯ 2015ರ ಕರಡು ವರದಿಯನ್ನು. ಕುಡಿಯುವ ನೀರಿನ ಮೇಲೆ ವ್ಯಾಪಕವಾದ, ವ್ಯವಸ್ಥಿತವಾದ ಪರಿಣಾಮಕ್ಕೆ ಪುರಾವೆ ಸಿಕ್ಕಿಲ್ಲ ಎಂಬರ್ಥದ ಮಾತು ಅದರ ಸಾರಾಂಶದಲ್ಲಿತ್ತು. ಜಗತ್ತಿನ ಪತ್ರಿಕೆಗಳು ಅದನ್ನೇ ತಲೆಬರಹ ಮಾಡಿದವು. ವರದಿಯ ಒಳಗಿನ ಮಾಹಿತಿ ಈ ತೀರ್ಮಾನಕ್ಕೆ ಆಧಾರ ಕೊಡುವುದಿಲ್ಲ ಎಂದು ಸಂಸ್ಥೆಯ ಸ್ವಂತ ವಿಜ್ಞಾನ ಸಲಹಾ ಮಂಡಳಿಯೇ ಆಕ್ಷೇಪಿಸಿತು. 2016ರ ಡಿಸೆಂಬರ್‌ನ ಅಂತಿಮ ವರದಿಯಲ್ಲಿ ಆ ಮಾತು ಇರಲಿಲ್ಲ. ಕೆಲವು ಸನ್ನಿವೇಶಗಳಲ್ಲಿ ಫ್ರ್ಯಾಕಿಂಗ್‌ನ ಕೆಲಸಗಳಿಂದ ಕುಡಿಯುವ ನೀರಿಗೆ ಹಾನಿ ಆಗಬಲ್ಲದು, ದೇಶದಾದ್ಯಂತ ಇದು ಎಷ್ಟು ಸಲ ಆಗುತ್ತದೆಂದು ಹೇಳಲು ಮಾಹಿತಿ ಸಾಲದು ಎಂಬುದು ಅದರ ತೀರ್ಮಾನ. ಮಾಹಿತಿ ಇಲ್ಲದಿರುವುದನ್ನೇ ಹಾನಿ ಇಲ್ಲದಿರುವುದೆಂದು ಮಾರಿದ ಈ ಒಂದೂವರೆ ವರ್ಷಕ್ಕೆ ಯಾರು ಉತ್ತರ ಕೊಡುತ್ತಾರೆ?

ಎಂಜಿನಿಯರುಗಳಿಗೆ ಇಷ್ಟವಾದ ಇನ್ನೊಂದು ವಾದವಿದೆ. ಕಲ್ಲು ಸೀಳುವುದು ಎರಡು ಕಿಲೋಮೀಟರ್ ಆಳದಲ್ಲಿ, ಕುಡಿಯುವ ನೀರಿರುವುದು ನೂರಿನ್ನೂರು ಮೀಟರ್ ಒಳಗೆ, ನಡುವೆ ಇಷ್ಟೊಂದು ಬಂಡೆ ಇರುವಾಗ ಬಿರುಕು ಮೇಲಕ್ಕೆ ಬರುವುದು ಹೇಗೆ ಎಂದು ಕೇಳುತ್ತಾರೆ. ಬಿರುಕು ಬರಬೇಕಾಗಿಯೇ ಇಲ್ಲ. ಆಳಕ್ಕೆ ಇಳಿಯುವ ಪೈಪು ಆ ನೀರಿನ ಪದರವನ್ನು ತೂರಿಕೊಂಡೇ ಹೋಗುತ್ತದಲ್ಲ! ಕೇಸಿಂಗ್ ಪೈಪಿನ ಸುತ್ತ ಹಾಕಿದ ಸಿಮೆಂಟು ಬಿರುಕುಬಿಟ್ಟರೆ ಅನಿಲ ಆ ಸಂದಿಯಲ್ಲೇ ಏರಿ ಬರುತ್ತದೆ. ಕೇಸಿಂಗ್ ಕೆಟ್ಟರೆ ಏನಾಗುತ್ತದೆಂದು ಕೋಲಾರ, ಚಿತ್ರದುರ್ಗದ ಬೋರ್‌ವೆಲ್ ರೈತರಿಗೆ ಬಿಡಿಸಿ ಹೇಳಬೇಕಿಲ್ಲ. ನೆಲದ ಮೇಲಿನ ಹೊಂಡಗಳಿಂದ ಕೊಳಕು ನೀರು ಸೋರುತ್ತದೆ, ಟ್ಯಾಂಕರ್‌ನಿಂದ ಚೆಲ್ಲುತ್ತದೆ. ಇದಾವುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳದೆ ಕಲ್ಲು ಸೀಳುವ ಕೆಲವೇ ದಿನಗಳ ಕೆಲಸವನ್ನಷ್ಟೇ ಎತ್ತಿ ಹಿಡಿದು ಸುರಕ್ಷಿತ ಎನ್ನುವುದು ಪ್ರಾಮಾಣಿಕ ವಾದವಲ್ಲ.

ಒಕ್ಲಹೋಮಾದಲ್ಲೂ ಇದೇ ಉಪಾಯ ನಡೆಯಿತು. 2008ರವರೆಗೆ ಆ ರಾಜ್ಯದಲ್ಲಿ ಮೂರಕ್ಕಿಂತ ಹೆಚ್ಚು ತೀವ್ರತೆಯ ಭೂಕಂಪ ವರ್ಷಕ್ಕೆ ಸರಾಸರಿ ಒಂದೋ ಎರಡೋ. 2015ರಲ್ಲಿ ಅವು 900 ದಾಟಿದವು. 2016ರ ಸೆಪ್ಟೆಂಬರ್ 3ರಂದು ಪಾನಿ ಊರಿನ ಬಳಿ 5.8 ತೀವ್ರತೆಯ ಕಂಪನವಾಯಿತು. ಎಣ್ಣೆ, ಅನಿಲದ ಜೊತೆಗೆ ಮೇಲೆ ಬಂದ ಉಪ್ಪುನೀರನ್ನು ಮತ್ತೆ ಆಳದ ಬಾವಿಗಳಿಗೆ ತುಂಬಿದ್ದು ಇದಕ್ಕೆ ಕಾರಣ. ಆ ನೀರಿನಲ್ಲಿ ಫ್ರ್ಯಾಕಿಂಗ್ ದ್ರವದ ಪಾಲು ಚಿಕ್ಕದು, ಆದ್ದರಿಂದ ಇದು ಫ್ರ್ಯಾಕಿಂಗ್ ಭೂಕಂಪವಲ್ಲ ಎಂದು ಉದ್ಯಮ ಹೇಳಿತು. ಗೋಡೆ ಬಿರುಕುಬಿಟ್ಟ ಮನೆಯವರಿಗೆ ಈ ವಿಂಗಡಣೆಯಿಂದ ಏನು ಸಿಕ್ಕಿತು? ಹೊಸ ತಂತ್ರಜ್ಞಾನ ತಂದ ಆ ಕೊರೆತದ ಭರಾಟೆ ಇಲ್ಲದಿದ್ದರೆ ಅಷ್ಟೊಂದು ಉಪ್ಪುನೀರು ಎಲ್ಲಿಂದ ಬರುತ್ತಿತ್ತು?

ಮಕ್ಕಳ ಆರೋಗ್ಯದ ವಿಚಾರದಲ್ಲಿಯಂತೂ ಈ ನಿರಾತಂಕ ಕ್ಷಮೆಗೆ ಅರ್ಹವಲ್ಲ. ಪೆನ್ಸಿಲ್ವೇನಿಯಾ ಸರ್ಕಾರವೇ ಹಣ ಕೊಟ್ಟು ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದಿಂದ ಮಾಡಿಸಿದ ಅಧ್ಯಯನಗಳು 2023ರ ಆಗಸ್ಟ್‌ನಲ್ಲಿ ಹೊರಬಂದವು. ಅನಿಲದ ಬಾವಿಯಿಂದ ಒಂದು ಮೈಲಿಯೊಳಗೆ ಬೆಳೆದ ಮಕ್ಕಳಲ್ಲಿ ಲಿಂಫೋಮಾ ಎಂಬ ಕ್ಯಾನ್ಸರ್ ಕಾಣಿಸಿಕೊಳ್ಳುವ ಸಂಭವ, ಐದು ಮೈಲಿಯೊಳಗೆ ಬಾವಿಯೇ ಇಲ್ಲದ ಕಡೆಯ ಮಕ್ಕಳಿಗಿಂತ ಐದರಿಂದ ಏಳು ಪಟ್ಟು ಹೆಚ್ಚು. ಬಾವಿಗಳಿಂದ ಅನಿಲ ಬರುವ ಅವಧಿಯಲ್ಲಿ, ಹತ್ತಿರ ಇರುವ ಆಸ್ತಮಾ ರೋಗಿಗಳು ತೀವ್ರ ದಾಳಿಗೆ ಒಳಗಾಗುವ ಸಂಭವ ನಾಲ್ಕೈದು ಪಟ್ಟು. ಇದು ಕೇವಲ ಸಂಬಂಧ, ಕಾರಣವೆಂದು ಸಾಬೀತಾಗಿಲ್ಲ ಎಂಬ ಉತ್ತರ ಸಿದ್ಧವಾಗಿಯೇ ಇದೆ. ಇನ್ನೆಷ್ಟು ಮಕ್ಕಳಿಗೆ ಕಾಯಿಲೆ ಬಂದರೆ ಸಾಬೀತಾಗುತ್ತದೆ? ಆ ಎಣಿಕೆಗೆ ತಮ್ಮ ಮಗುವನ್ನು ಕೊಡಲು ವಾದಿಸುವವರಲ್ಲಿ ಯಾರು ಸಿದ್ಧರಿದ್ದಾರೆ?

ಇಷ್ಟೆಲ್ಲ ಕೇಳಿದ ಮೇಲೂ ಅನಿಲ ಕಲ್ಲಿದ್ದಲಿಗಿಂತ ಶುದ್ಧ ಎನ್ನುತ್ತಾರೆ. ಉರಿಸುವಾಗ ಹೊರಬರುವ ಇಂಗಾಲದ ಡೈಆಕ್ಸೈಡ್ ಸರಿಸುಮಾರು ಅರ್ಧ, ಅದು ನಿಜ. ಉರಿಯದೆ ಸೋರಿಹೋಗುವ ಅನಿಲದ ಲೆಕ್ಕ ಎಲ್ಲಿ? ಅದು ಮೀಥೇನ್; ಇಪ್ಪತ್ತು ವರ್ಷಗಳ ಅವಧಿಯಲ್ಲಿ ಭೂಮಿಯನ್ನು ಕಾಯಿಸುವ ಅದರ ಶಕ್ತಿ ಇಂಗಾಲದ ಡೈಆಕ್ಸೈಡ್‌ಗಿಂತ ಎಂಬತ್ತು ಪಟ್ಟಿಗೂ ಮೇಲೆ. ಅಮೆರಿಕದಲ್ಲಿ ತೆಗೆದ ಅನಿಲದಲ್ಲಿ ಶೇ 2.3ರಷ್ಟು ಸೋರಿಹೋಗುತ್ತಿದೆ, ಇದು ಸರ್ಕಾರಿ ಅಂದಾಜಿಗಿಂತ ಶೇ 60ರಷ್ಟು ಹೆಚ್ಚು ಎಂದು ‘ಸೈನ್ಸ್’ ಪತ್ರಿಕೆಯಲ್ಲಿ 2018ರಲ್ಲಿ ಬಂದ ಅಧ್ಯಯನ ತೋರಿಸಿತು. ಅನಿಲವನ್ನು ಸೊನ್ನೆಗಿಂತ 162 ಡಿಗ್ರಿ ಕೆಳಗಿನವರೆಗೆ ತಣಿಸಿ, ದ್ರವ ಮಾಡಿ, ಹಡಗಿನಲ್ಲಿ ಸಾಗರ ದಾಟಿಸಿದರೆ ಲೆಕ್ಕ ಇನ್ನೂ ಕೆಡುತ್ತದೆ. ಕಾರ್ನೆಲ್ ವಿಶ್ವವಿದ್ಯಾಲಯದ ರಾಬರ್ಟ್ ಹೋವರ್ತ್ 2024ರಲ್ಲಿ ಪ್ರಕಟಿಸಿದ ಲೆಕ್ಕದಂತೆ, ಹೀಗೆ ರಫ್ತಾಗುವ ಅಮೆರಿಕದ ಅನಿಲದ ತಾಪ ಪರಿಣಾಮ ಇಪ್ಪತ್ತು ವರ್ಷಗಳ ಅಳತೆಯಲ್ಲಿ ಕಲ್ಲಿದ್ದಲಿಗಿಂತ ಶೇ 33ರಷ್ಟು ಹೆಚ್ಚು.

ಇದು ನಮಗೆ ದೂರದ ಸಂಗತಿ ಎಂದುಕೊಳ್ಳಬೇಡಿ. ಗೇಲ್ ಸಂಸ್ಥೆ ಲೂಸಿಯಾನದ ಸಬೀನ್ ಪಾಸ್‌ನಿಂದ ವರ್ಷಕ್ಕೆ 35 ಲಕ್ಷ ಟನ್ ದ್ರವೀಕೃತ ಅನಿಲ ಕೊಳ್ಳಲು 2011ರಲ್ಲೇ ಇಪ್ಪತ್ತು ವರ್ಷಗಳ ಒಪ್ಪಂದ ಮಾಡಿಕೊಂಡಿತು. ಅಲ್ಲಿಂದ ಮೊದಲ ಹಡಗು 2018ರ ಮಾರ್ಚ್‌ನಲ್ಲಿ ಮಹಾರಾಷ್ಟ್ರದ ದಾಭೋಳ್‌ಗೆ ಬಂತು. ದಾಭೋಳ್‌ನಿಂದ ಬೆಳಗಾವಿ, ಧಾರವಾಡದ ಮೂಲಕ ಬೆಂಗಳೂರಿಗೆ ಕೊಳವೆಮಾರ್ಗ ಬಂದಿದೆ. ಕೊಳ್ಳುವವರ ಸಾಲಿನಲ್ಲಿ ನಿಂತಿರುವ ನಮಗೆ ಆ ಅನಿಲ ಯಾರ ಬಾವಿಯ ಪಕ್ಕದಿಂದ ಬಂತೆಂದು ಕೇಳುವ ಹೊಣೆಯಿದೆ.

ಲಾಭದ ಅಂಕಿಗಳನ್ನಾದರೂ ನಂಬಬಹುದೇ? ಪೋಲೆಂಡ್‌ನಲ್ಲಿ 5.3 ಲಕ್ಷ ಕೋಟಿ ಘನ ಮೀಟರ್ ಶೇಲ್ ಅನಿಲವಿದೆ ಎಂದು ಅಮೆರಿಕದ ಇಂಧನ ಮಾಹಿತಿ ಸಂಸ್ಥೆ 2011ರಲ್ಲಿ ಹೇಳಿತು. ಮರುವರ್ಷ ಪೋಲೆಂಡ್‌ನ ಸ್ವಂತ ಭೂವಿಜ್ಞಾನ ಸಂಸ್ಥೆ ಅದು 34,600 ಕೋಟಿಯಿಂದ 76,800 ಕೋಟಿ ಘನ ಮೀಟರ್ ಇರಬಹುದು ಎಂದಿತು. ಎಕ್ಸಾನ್ ಮೊಬಿಲ್ 2012ರಲ್ಲಿ, ಶೆವ್ರಾನ್ 2015ರಲ್ಲಿ ಅಲ್ಲಿಂದ ಗಂಟುಮೂಟೆ ಕಟ್ಟಿದವು. ಭಾರತದ ಲೆಕ್ಕವೂ ಹೀಗೆಯೇ. ಅಮೆರಿಕದ ಅದೇ ಇಂಧನ ಮಾಹಿತಿ ಸಂಸ್ಥೆ 2013ರಲ್ಲಿ ನಮ್ಮಲ್ಲಿ 96 ಲಕ್ಷ ಕೋಟಿ ಘನ ಅಡಿ ತೆಗೆಯಬಹುದೆಂದರೆ, ಅಮೆರಿಕದ ಭೂಸರ್ವೇಕ್ಷಣೆ ಅದಕ್ಕೂ ಹಿಂದಿನ ವರ್ಷ ಮೂರು ಜಲಾನಯನಗಳನ್ನು ನೋಡಿ ಹೇಳಿದ್ದು 6.1 ಲಕ್ಷ ಕೋಟಿ. 2013ರ ಶೇಲ್ ನೀತಿಯಡಿ ಒಎನ್‌ಜಿಸಿ ಕೊರೆದು ನೋಡಿತು. ವಾಣಿಜ್ಯ ಉತ್ಪಾದನೆಯ ಮಟ್ಟಕ್ಕೆ ಅದು ಮುಟ್ಟಲಿಲ್ಲ. ಅನಿಲ ಸಿಕ್ಕ ಕಡೆಯೂ ಬಾವಿಯ ಇಳುವರಿ ಮೊದಲ ವರ್ಷದಲ್ಲೇ ಅರ್ಧಕ್ಕಿಂತ ಕೆಳಗೆ ಬೀಳುವುದು ಸಾಮಾನ್ಯ. ಉತ್ಪಾದನೆ ಉಳಿಸಿಕೊಳ್ಳಲು ಹೊಸದಾಗಿ ಕೊರೆಯುತ್ತಲೇ ಇರಬೇಕು, ಮತ್ತೆ ಮತ್ತೆ ನೀರು ಸುರಿಯುತ್ತಲೇ ಇರಬೇಕು.

ಈ ಉದ್ಯಮದ ಲಾಭ ರೈತನಿಗೆ ಹೇಗೆ ತಲುಪುತ್ತದೆಂಬುದನ್ನು ರಾಜಸ್ಥಾನ ಕಂಡಿದೆ. ನಾವು ಪಲ್ಯ ಮಾಡುವ ಗೋರಿಕಾಯಿಯ ಬೀಜದಿಂದ ತೆಗೆದ ಅಂಟು ಫ್ರ್ಯಾಕಿಂಗ್ ದ್ರವವನ್ನು ಮಂದ ಮಾಡಲು ಬೇಕು. ಅಮೆರಿಕದಿಂದ ಬೇಡಿಕೆ ಬಂದಾಗ ಬೆಲೆ ಆಕಾಶಕ್ಕೇರಿತು, 2012ರ ಮಾರ್ಚ್‌ನಲ್ಲಿ ಅದರ ವಾಯಿದಾ ವ್ಯಾಪಾರವನ್ನೇ ನಿಲ್ಲಿಸಬೇಕಾಯಿತು. ಆಸೆಯಿಂದ ಹೆಚ್ಚು ಬಿತ್ತಿದ ರೈತರ ಕಣ್ಣೆದುರೇ ಕೆಲವು ವರ್ಷಗಳಲ್ಲಿ ಬೆಲೆ ಕುಸಿಯಿತು.

ಅಮೆರಿಕದಲ್ಲಿ ನೆಲದಡಿಯ ಖನಿಜದ ಹಕ್ಕು ಎಷ್ಟೋ ಕಡೆ ಜಮೀನಿನ ಒಡೆಯನದು. ಪೆನ್ಸಿಲ್ವೇನಿಯಾದಲ್ಲಿ ಕಾನೂನಿನ ಪ್ರಕಾರ ಆತನಿಗೆ ಕನಿಷ್ಠ ಎಂಟರಲ್ಲೊಂದು ಪಾಲು ರಾಯಧನ ಸಲ್ಲಬೇಕು. ಭಾರತದಲ್ಲಿ ತೈಲವೂ ಅನಿಲವೂ ಸರ್ಕಾರದ್ದು. ನಮ್ಮ ರೈತನಿಗೆ ಅನಿಲದಲ್ಲಿ ಪಾಲಿಲ್ಲ, ಕೊಳಕು ನೀರಿನಲ್ಲಿ ಮಾತ್ರ ಪಾಲು. ಅಮೆರಿಕದ ಅನುಭವವನ್ನು ಮಾದರಿಯೆಂದು ತೋರಿಸುವವರು ಈ ಒಂದು ವ್ಯತ್ಯಾಸವನ್ನು ಎಂದಾದರೂ ಬಾಯಿಬಿಟ್ಟು ಹೇಳಿದ್ದಾರೆಯೇ?

ನಮ್ಮ ಕಾನೂನುಗಳು ಯಾವ ದಿಕ್ಕಿಗೆ ನಡೆದಿವೆ ನೋಡಿ. 2018ರಲ್ಲಿ ಕೇಂದ್ರ ಸಂಪುಟವು ಈಗಾಗಲೇ ಗುತ್ತಿಗೆ ಪಡೆದ ಪ್ರದೇಶಗಳಲ್ಲಿ ಖಾಸಗಿಯವರೂ ಶೇಲ್ ಅನಿಲ ತೆಗೆಯಲು ದಾರಿ ಮಾಡಿಕೊಟ್ಟಿತು. 2020ರ ಜನವರಿಯಲ್ಲಿ ಪರಿಸರ ಸಚಿವಾಲಯವು ತೈಲ, ಅನಿಲ ಶೋಧನೆಯನ್ನು ಬಿ2 ವರ್ಗಕ್ಕೆ ಇಳಿಸಿತು. ಎಂದರೆ ಶೋಧನೆಯ ಹಂತದಲ್ಲಿ ಪರಿಸರ ಪರಿಣಾಮದ ಅಧ್ಯಯನವೂ ಬೇಡ, ಊರವರ ಅಹವಾಲು ಸಭೆಯೂ ಬೇಡ. 2025ರಲ್ಲಿ ಸಂಸತ್ತು 1948ರ ತೈಲಕ್ಷೇತ್ರ ಕಾಯ್ದೆಗೆ ತಿದ್ದುಪಡಿ ತಂದು ಶೇಲ್ ಅನಿಲವನ್ನು ಅದರ ವ್ಯಾಪ್ತಿಗೆ ಸೇರಿಸಿತು, ಹಳೆಯ ಕಾಯ್ದೆಯಲ್ಲಿದ್ದ ಆರು ತಿಂಗಳ ಜೈಲು ಶಿಕ್ಷೆಯನ್ನು ತೆಗೆದು ಅದರ ಜಾಗದಲ್ಲಿ ದಂಡ ಇಟ್ಟಿತು. ಶೋಧನೆಯ ಹೊತ್ತಿನಲ್ಲೇ ಊರಿನ ನೀರನ್ನು ಪರೀಕ್ಷಿಸಿ ದಾಖಲಿಸಬೇಕು. ಆ ಹೊತ್ತಿನಲ್ಲೇ ಅಧ್ಯಯನ ಬೇಡವೆಂದರೆ ಡಿಮಕ್‌ನ ಜನ ಹದಿಮೂರು ವರ್ಷ ಎದುರಿಸಿದ ಪ್ರಶ್ನೆಯನ್ನು ನಮ್ಮ ಹಳ್ಳಿಗಳಿಗೂ ಕಾದಿರಿಸಿದಂತಾಯಿತು. ಅಂತರ್ಜಲ ಪಾತಾಳಕ್ಕಿಳಿದಿರುವ ಗುಜರಾತಿನ ಮೆಹಸಾಣಾ ಇರುವುದು ಇಂಥ ಶೋಧನೆ ನಡೆದ ಖಂಭಾತ್ ಜಲಾನಯನದಲ್ಲಿಯೇ.

ಇದಕ್ಕೆ ಅಡ್ಡ ನಿಂತ ಜನರೂ ನಮ್ಮ ನೆರೆಯಲ್ಲೇ ಇದ್ದಾರೆ. ತಮಿಳುನಾಡಿನ ಪುದುಕೋಟೆ ಜಿಲ್ಲೆಯ ನೆಡುವಾಸಲ್‌ನಲ್ಲಿ 2017ರಲ್ಲಿ ರೈತರು, ಹೆಂಗಸರು ಹೈಡ್ರೋಕಾರ್ಬನ್ ಯೋಜನೆಯ ವಿರುದ್ಧ ಧರಣಿ ಕೂತರು. ಆ ಗುತ್ತಿಗೆ ಸಿಕ್ಕಿದ್ದು ಕರ್ನಾಟಕದ ಒಂದು ಖಾಸಗಿ ಕಂಪನಿಗೆ. ಅಭಿವೃದ್ಧಿ ವಿರೋಧಿಗಳು, ತಿಳಿವಳಿಕೆ ಇಲ್ಲದವರು ಎಂದು ಅವರನ್ನು ಬೈದವರಿಗೆ ಲೆಕ್ಕವಿಲ್ಲ. ಆದರೆ 2020ರಲ್ಲಿ ಆ ರಾಜ್ಯದ ವಿಧಾನಸಭೆ ಕಾವೇರಿ ಮುಖಜಭೂಮಿಯನ್ನು ಸಂರಕ್ಷಿತ ಕೃಷಿ ವಲಯವೆಂದು ಸಾರಿ, ಶೇಲ್ ಅನಿಲವೂ ಸೇರಿದಂತೆ ಹೊಸ ತೈಲ, ಅನಿಲ ಯೋಜನೆಗಳನ್ನು ಅಲ್ಲಿ ನಿಷೇಧಿಸಿತು. ಕಾವೇರಿಯ ನೀರಿಗಾಗಿ ಅವರೊಂದಿಗೆ ನಮ್ಮ ಜಗಳ ಏನೇ ಇರಲಿ, ಆ ನದಿ ಊಡಿದ ನೆಲದಡಿಯ ನೀರನ್ನು ಉಳಿಸಲು ಅವರು ಮಾಡಿದ ಈ ಕೆಲಸಕ್ಕೆ ಕನ್ನಡಿಗರು ಬೆಂಬಲ ಕೊಡಬೇಕು.

ಹೊರೆಯನ್ನು ಸರಿಯಾದ ಹೆಗಲಿಗೆ ಹೊರಿಸಿದ ಸರ್ಕಾರಗಳೂ ಇವೆ. ಫ್ರಾನ್ಸ್ 2011ರಲ್ಲೇ ಫ್ರ್ಯಾಕಿಂಗ್ ನಿಷೇಧಿಸಿತು. ನ್ಯೂಯಾರ್ಕ್ ರಾಜ್ಯ 2014ರ ಡಿಸೆಂಬರ್‌ನಲ್ಲಿ ಬೇಡವೆಂದಾಗ ಅದರ ಆರೋಗ್ಯ ಇಲಾಖೆ ಹಾನಿ ಪೂರ್ತಿ ಸಾಬೀತಾಗಿದೆ ಎಂದು ಹೇಳಲಿಲ್ಲ; ಸುರಕ್ಷಿತವೆಂದು ಹೇಳಲು ಸಾಕಷ್ಟು ಆಧಾರ ಸಿಗುವವರೆಗೆ ಶುರುಮಾಡಬಾರದು ಎಂದಿತು. ಇಂಗ್ಲೆಂಡಿನ ಲ್ಯಾಂಕಾಶೈರ್‌ನಲ್ಲಿ 2019ರ ಆಗಸ್ಟ್‌ನಲ್ಲಿ 2.9 ತೀವ್ರತೆಯ ಕಂಪನವಾದ ಮೇಲೆ, ಇಂಥ ಕಂಪನಗಳನ್ನು ಮೊದಲೇ ನಿಖರವಾಗಿ ಅಂದಾಜು ಮಾಡಲಾಗದು ಎಂಬ ಕಾರಣಕ್ಕೇ ಸರ್ಕಾರ ನವೆಂಬರ್‌ನಲ್ಲಿ ಕೆಲಸ ನಿಲ್ಲಿಸಿತು. 2022ರಲ್ಲಿ ಆಗಿನ ಪ್ರಧಾನಿ ಲಿಜ್ ಟ್ರಸ್ ಆ ತಡೆಯನ್ನು ತೆರವು ಮಾಡಿದರು, ಅವರ ಕುರ್ಚಿ ಹೋದ ಕೂಡಲೇ ನಿಷೇಧ ಮತ್ತೆ ಜಾರಿಗೆ ಬಂತು. ಗೊತ್ತಿಲ್ಲದಿರುವುದೇ ನಿಲ್ಲಿಸಲು ಸಾಕಷ್ಟು ಕಾರಣ ಎಂದು ನ್ಯೂಯಾರ್ಕ್, ಇಂಗ್ಲೆಂಡ್ ಎರಡೂ ಕಡೆಯ ಸರ್ಕಾರಗಳು ಒಪ್ಪಿಕೊಂಡವು. ನಮ್ಮ ಸರ್ಕಾರ ಅದನ್ನೇ ಮುಂದುವರಿಯಲು ಕಾರಣ ಮಾಡಿಕೊಂಡಿದೆ.

ಕರ್ನಾಟಕದಿಂದ ಲೋಕಸಭೆಗೆ ಹೋದ 28 ಮಂದಿಯನ್ನು ಓದುಗರು ಈ ವಿಷಯದಲ್ಲಿ ಪ್ರಶ್ನಿಸಬೇಕು. 2020ರ ವಿನಾಯಿತಿ ರದ್ದಾಗಲಿ, ಶೋಧನೆಗೂ ಅಹವಾಲು ಸಭೆ ಕಡ್ಡಾಯವಾಗಲಿ. ಕೊರೆಯುವ ಮುಂಚೆ ಸುತ್ತಲಿನ ಪ್ರತಿ ಬಾವಿ, ಪ್ರತಿ ಬೋರ್‌ವೆಲ್ಲಿನ ನೀರನ್ನು ಕಂಪನಿಯ ಖರ್ಚಿನಲ್ಲಿ ಸರ್ಕಾರಿ ಪ್ರಯೋಗಾಲಯ ಪರೀಕ್ಷಿಸಿ, ವರದಿಯನ್ನು ಗ್ರಾಮ ಪಂಚಾಯಿತಿಯ ಗೋಡೆಗೆ ಅಂಟಿಸಲಿ. ನೆಲದಡಿಗೆ ಹೋಗುವ ಒಂದೊಂದು ರಾಸಾಯನಿಕದ ಹೆಸರೂ ಬಹಿರಂಗವಾಗಲಿ. ನೀರು ಕೆಟ್ಟರೆ ಹೊಣೆ ತನ್ನದಲ್ಲ ಎಂದು ತೋರಿಸುವ ಕೆಲಸ ಕಂಪನಿಗೇ ಬೀಳಲಿ, ಬಾಯಿಮುಚ್ಚಿಸುವ ರಾಜಿ ಒಪ್ಪಂದಗಳು ಕಾನೂನಿನ ಕಣ್ಣಲ್ಲಿ ಅಸಿಂಧುವಾಗಲಿ. ಇಷ್ಟೂ ಕಾನೂನಾಗಿ ಬರುವವರೆಗೆ ಈ ದೇಶದಲ್ಲಿ ಒಂದೇ ಒಂದು ಶೇಲ್ ಬಾವಿಗೂ ಪರವಾನಗಿ ಕೊಡಬಾರದು.